ಆರ್‌ವಿ-7 (ಕಿಟ್ ತಂದು ನಾವೇ ಜೋಡಿಸೋ ಪುಟ್ಟ ವಿಮಾನ) ರೆಕ್ಕೆ ಕೂರಿಸೋರಿಗೆ ಒಂದು ಸಲಹೆ

ಹಿಂದಿನ ಸ್ಪಾರ್ (ರೆಕ್ಕೆ ಒಳಗಿನ ಉದ್ದದ ತೊಲೆ) ತೂತನ್ನ ಎಲ್ಲಾ ಅಳತೆ ಮುಗಿಯೋವರೆಗೂ ಡ್ರಿಲ್ ಮಾಡ್ಬೇಡಿ, ಆ ಒಂದು ತೂತೇ ರೆಕ್ಕೆ ಕೋನನ (ಬಾಡಿಗೆ ಹೋಲಿಸಿದ್ರೆ ರೆಕ್ಕೆಯ ಮುಂದಿನ ಅಂಚು ಎಷ್ಟು ಮೇಲೆದ್ದಿದೆ ಅನ್ನೋದು) ಪರ್ಮನೆಂಟ್ ಆಗಿ ಲಾಕ್ ಮಾಡೋದು. ಮೊದ್ಲು ಬಾಡಿನ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ಲೆವೆಲ್ ಮಾಡ್ಕೊಳ್ಳಿ. ಮೇನ್ ಸ್ಪಾರ್‌ಗೆ ಒರಿಜಿನಲ್ ಬೋಲ್ಟ್ ಈಗ್ಲೇ ಬೇಡ, ಅದು ತುಂಬಾ ಟೈಟ್, ಅದಕ್ಕಿಂತ ಒಂದು ಕೂದಲೆಳೆಯಷ್ಟು ಮಾತ್ರ ಸಣ್ಣದಿರೋ ಟೆಂಪರರಿ ಬೋಲ್ಟ್ ಹಾಕಿ.

ಆಮೇಲೆ ಗಾರೆ ಕೆಲಸದೋರ ತೂಗುಗುಂಡು ಇದ್ಯಲ್ಲ, ಒಂದೊಂದು ರೆಕ್ಕೆಯ ಮುಂದಿನ ಅಂಚಿಂದ ಎರಡೆರಡು ಇಳಿಬಿಡಿ, ನಾಲ್ಕು ದಾರಾನೂ ಒಂದೇ ಗೆರೇಲಿ ಬರ್ಬೇಕು, ಯಾಕಂದ್ರೆ ಈ ರೆಕ್ಕೆಗೆ ಹಿಂದಕ್ಕೆ ಓರೆ ಇಲ್ಲ (ಫ್ಯಾನ್ ಆಫ್ ಮಾಡಿ ಮಾರಾಯ್ರೆ, ಗುಂಡು ನೀರಿನ ಬಕೆಟ್‌ನಲ್ಲಿ ಮುಳುಗಿಸಿದ್ರೆ ಅಲ್ಲಾಡಲ್ಲ). ಎರಡೂ ರೆಕ್ಕೆ ತುದಿಯಿಂದ ಬಾಲದ ಮಧ್ಯದ ಪಾಯಿಂಟ್‌ಗೆ ಟೇಪ್ ಹಿಡಿದ್ರೆ ಅಳತೆ ಒಂದೇ ಬರ್ಬೇಕು.

ಕೋನನ ಪ್ಲಾನ್‌ನಲ್ಲಿ ಹೇಳಿರೋ ಸ್ಪೇಸರ್ (ಎತ್ತರ ಸರಿದೂಗಿಸೋ ತುಂಡು) ರಸಮಟ್ಟದ ಕೆಳಗೆ ಇಟ್ಟೇ ನೋಡಿ. ಎರಡೂ ಕಡೆ ಒಂದೇ ಇರೋದು ಮುಖ್ಯ, ಇಲ್ಲಾಂದ್ರೆ ಹಾರುವಾಗ ಸದಾ ಒಂದು ಕಡೆ ವಾಲುತ್ತೆ. ಕ್ಲಾಂಪ್ ಹಾಕಿ, ಇನ್ನೊಂದ್ಸಲ ಅಳೆದು, ತೂತಿನ ಸೆಂಟರ್‌ನಿಂದ ಅಂಚಿಗೆ ಬೋಲ್ಟ್ ವ್ಯಾಸದ 2 ಪಟ್ಟಾದ್ರೂ ಜಾಗ ಉಳಿಯುತ್ತಾ ನೋಡ್ಕೊಂಡು ಆಮೇಲೆ ಡ್ರಿಲ್ ಹಿಡೀರಿ.