ರಿಗ್ ಸುಮ್ಮನೆ ನಿಂತ ದಿನಗಳ ಲೆಕ್ಕ

ಮೆಟ್ರೊ ಖರ್ಚು ಯಾಕೆ ಹೀಗೆ ಏರುತ್ತದೆ ಅಂತ ಮದುವೆ ಊಟದ ಪಂಕ್ತಿಯಲ್ಲೂ ನನ್ನನ್ನು ಕೇಳುವವರಿದ್ದಾರೆ. ಬೆಂಗಳೂರು ಮೆಟ್ರೊ ಎರಡನೇ ಹಂತದ ಒಂದು ಎತ್ತರಿಸಿದ ಮಾರ್ಗದಲ್ಲಿ ನಾನು ಬಿಲ್ಲು, ವೆಚ್ಚ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ಕೇಳುವವರಿಗೆ ಬೇಕಾಗಿರುವುದು ಯಾರು ತಿಂದರು ಅನ್ನುವ ಉತ್ತರ. ನಾನು ಕಂಡ ಮಟ್ಟಿಗೆ ಜಾಸ್ತಿ ದುಡ್ಡು ತಿಂದದ್ದು ಕೆಲಸ ನಿಂತ ದಿನಗಳು.

ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 6,395 ಕೋಟಿ ರೂಪಾಯಿ. 2017ರಲ್ಲಿ ಪೂರ್ತಿ ಮಾರ್ಗ ತೆರೆಯುವ ಹೊತ್ತಿಗೆ ಸುಮಾರು 13,800 ಕೋಟಿ. ಎರಡು ಪಟ್ಟು ಅಂತ ಎಲ್ಲರೂ ಹೇಳುತ್ತಾರೆ. ಆದರೆ 33 ಕಿ.ಮೀ. ಇದ್ದದ್ದು 42.3 ಕಿ.ಮೀ. ಆಗಿತ್ತಲ್ವಾ? ಮಾರ್ಗ ಉದ್ದವಾಗಿದ್ದಕ್ಕೆ ಆದ ಖರ್ಚು ಬೇರೆ, ಇದ್ದ ಉದ್ದಕ್ಕೇ ಹೆಚ್ಚಾದದ್ದು ಬೇರೆ. ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲು ಮಾಡಿದ್ದೇ ಇವೆರಡನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯುವುದು.

ಕೆಲವಕ್ಕೆ ನಾನು ಏನೂ ಮಾಡುವಂತಿರಲಿಲ್ಲ. ಸ್ಟೀಲು, ಸಿಮೆಂಟು, ಡೀಸೆಲ್ ಬೆಲೆ ಸೂಚ್ಯಂಕ ಏರಿದರೆ ಕರಾರಿನ ಸೂತ್ರದ ಪ್ರಕಾರ ಬಿಲ್ಲೂ ಏರುತ್ತದೆ. 2022ರ ಜುಲೈನಲ್ಲಿ ಇಂಥ ಕಾಮಗಾರಿಗಳ ಜಿಎಸ್‌ಟಿ ಶೇ 12ರಿಂದ 18ಕ್ಕೆ ಹೋಯಿತು. ಅದನ್ನೂ ಸುಮ್ನೆ ಬಿಲ್ಲಿಗೆ ಸೇರಿಸಿದೆ.

ಕೈಯಲ್ಲಿದ್ದದ್ದು ನೆಲದೊಳಗಿನ ಕೆಲಸ. ಕಂಬದ ಬುಡಕ್ಕೆ ಪೈಲ್, ಅಂದರೆ ನೆಲದಾಳಕ್ಕೆ ಇಳಿಯುವ ಕಾಂಕ್ರೀಟ್ ಕಂಬ, ಹಾಕಲು ನೆಲ ಕೊರೆಯುವ ಯಂತ್ರ ರಿಗ್ ಬಂದು ನಿಂತಿರುತ್ತದೆ. ಕೊರೆಯಲು ಹೋದರೆ ನಕ್ಷೆಯಲ್ಲಿ ಇಲ್ಲದ ನೀರಿನ ಪೈಪು. ಆಮೇಲೆ ಪತ್ರ, ಸಭೆ, ಜಂಟಿ ಪರಿಶೀಲನೆ. ಅಷ್ಟೂ ದಿನ ರಿಗ್ಗು, ಆಪರೇಟರ್, ಬ್ಯಾರಿಕೇಡ್ ಎಲ್ಲದರ ಬಾಡಿಗೆ ಓಡುತ್ತಲೇ ಇರುತ್ತದೆ. ಎರಡು ಸಲ ಹೀಗಾದ ಮೇಲೆ ಒಂದು ಕಟ್ಟುಪಾಡು ಮಾಡಿಕೊಂಡೆವು: ಕೈಯಲ್ಲಿ ಪರೀಕ್ಷಾ ಗುಂಡಿ ತೋಡಿ ನೋಡದೆ ರಿಗ್ ಕರೆಸುವುದಿಲ್ಲ. ಜೆಸಿಬಿ ಬೇಡ, ಗುದ್ದಲಿ, ಹಾರೆ ಸಾಕು.

ಒಂದು ರಾತ್ರಿ, ಒಂದು ಗಂಟೆ ದಾಟಿತ್ತು. ಆ ಬಡಾವಣೆಗೆ ನೀರು ಬಿಡುವ ವಾಲ್ವ್‌ಮನ್ ಒಬ್ಬರು ಸ್ಕೂಟರ್ ನಿಲ್ಲಿಸಿ ನಮ್ಮ ಗುಂಡಿ ನೋಡುತ್ತಾ ನಿಂತರು. ‘ಅಲ್ಲಿ ಯಾಕ್ ತೋಡ್ತೀರಾ ಸಾರ್, ಹಳೇ ಲೈನು ಇಲ್ಲಿ ಹೋಗುತ್ತೆ’ ಅಂತ ಚಪ್ಪಲಿ ತುದಿಯಲ್ಲಿ ಡಾಂಬರಿನ ಮೇಲೆ ಗೆರೆ ಎಳೆದರು. ಅಲ್ಲೇ ತೋಡಿಸಿದೆವು. ಎದೆಮಟ್ಟ ಇಳಿಯುವಷ್ಟರಲ್ಲಿ ಹಾರೆಗೆ ಠಣ್ ಅಂತ ಬೀಡುಕಬ್ಬಿಣದ ಪೈಪು. ಎಲ್ಲಿದೆ ಅಂತ ಮೊದಲೇ ಗೊತ್ತಾಗಿದ್ದರಿಂದ ಪೈಲ್‌ಗಳ ಜಾಗವನ್ನು ಡ್ರಾಯಿಂಗ್‌ನಲ್ಲೇ ಸ್ವಲ್ಪ ಸರಿಸಿದರು. ಪೈಪು ಇದ್ದಲ್ಲೇ ಉಳಿಯಿತು. ಆ ರಾತ್ರಿ ಆದ ಖರ್ಚು ನಾಲ್ಕು ಜನರ ಕೂಲಿ ಮತ್ತು ಟೀ. ಮುಂದೆ ಅವರನ್ನು ಪ್ರತಿ ಗುಂಡಿಗೂ ಕರೆಯುತ್ತಿದ್ದೆವು. ಅವರ ಹೆಸರು ಯಾವ ಫೈಲ್‌ನಲ್ಲೂ ಇಲ್ಲ.

ಇನ್ನೊಂದು, ದಿನಚರಿ ರಿಜಿಸ್ಟರ್. ಯಾವ ಯಂತ್ರ ಎಷ್ಟು ಗಂಟೆ ನಿಂತಿತ್ತು, ಯಾಕೆ ಅಂತ ಅದೇ ಸಂಜೆ ಬರೆದು ನಮ್ಮ ಕಡೆ, ಗುತ್ತಿಗೆದಾರರ ಕಡೆ ಎರಡೂ ಕಡೆಯವರ ಸಹಿ ಹಾಕಿಸುವುದು. ಮೊದಮೊದಲು ಎಲ್ಲರೂ ಗೊಣಗಿದರು. ವರ್ಷ ಕಳೆದ ಮೇಲೆ ಗುತ್ತಿಗೆದಾರರ ಕಡೆಯಿಂದ ಕ್ಲೇಮ್ ಬಂತು: ಜಾಗ ಕೊಡುವುದು ತಡವಾಯಿತು, ರಿಗ್ 41 ದಿನ ಖಾಲಿ ನಿಂತಿತ್ತು, ಪರಿಹಾರ ಕೊಡಿ. ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟೆ. ಅದರಲ್ಲಿ 17 ದಿನ ರಿಗ್ಗಿನ ಹೈಡ್ರಾಲಿಕ್ ಕೆಟ್ಟು ಮೆಕ್ಯಾನಿಕ್‌ಗಾಗಿ ಕಾಯುತ್ತಿತ್ತು. ಅವರದೇ ಸಹಿ ಇತ್ತು. ಉಳಿದ 24 ದಿನ ನಿಜಕ್ಕೂ ನಮ್ಮ ತಪ್ಪು, ಕೊಟ್ಟೆವು. ವಾದ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ರಿಜಿಸ್ಟರ್ ಇರದಿದ್ದರೆ ಪಂಚಾಯ್ತಿದಾರರ ಮುಂದೆ ವರ್ಷಗಟ್ಟಲೆ ಕೂರಬೇಕಿತ್ತು.

ನನ್ನದೂ ಒಂದು ದಡ್ಡತನ ಇದೆ. ಒಂದು ಕಡೆ ಅಂದುಕೊಂಡದ್ದಕ್ಕಿಂತ ಮೇಲೇ ಗಟ್ಟಿ ಬಂಡೆ ಸಿಕ್ಕಿತು. ಅದನ್ನು ಕೊರೆಯಲು ಗುತ್ತಿಗೆದಾರರು ಕೇಳಿದ ದರ ಜಾಸ್ತಿ ಅನ್ನಿಸಿ ಫೈಲ್ ಎರಡು ತಿಂಗಳು ಹಿಡಿದಿಟ್ಟೆ. ಕೊನೆಗೆ ದರವನ್ನೇನೋ ಇಳಿಸಿದೆ. ಅಷ್ಟರಲ್ಲಿ ಕೊರೆಯುವ ತಂಡ ಬೇರೆ ಸೈಟ್‌ಗೆ ಹೋಗಿತ್ತು, ವಾಪಸ್ ಕರೆಸಲು ಮತ್ತೊಂದು ತಿಂಗಳು. ಉಳಿಸಿದ್ದಕ್ಕಿಂತ ಕಳೆದದ್ದೇ ಜಾಸ್ತಿ. ಆ ಮೂರು ತಿಂಗಳನ್ನೂ ಅದೇ ರಿಜಿಸ್ಟರ್‌ನಲ್ಲಿ ಬರೆಯಬೇಕಾಯಿತು. ಕಾರಣದ ಕಾಲಂನಲ್ಲಿ ‘ದರ ಒಪ್ಪಿಗೆ ಬಾಕಿ’ ಅಂತ ಬರೆದು ಕೆಳಗೆ ನಾನೇ ಸಹಿ ಹಾಕಿದೆ.