ಪಾಚಿಯ ಕೆಂಪಿನ ಕಸುವು: ಅಳೆಯುವಾಗ ಎಡವುವುದೆಲ್ಲಿ?

‘ಈ ಬಣ್ಣದಲ್ಲಿ ಏನೂ ಇಲ್ಲ ಸರ್, ಬರೀ 22% ಬಂತು’ ಎಂದು, ಬಣ್ಣದ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣ ಅಳೆದು ಮುಖ ಸಣ್ಣದು ಮಾಡಿಕೊಂಡು ಬರುವ ವಿದ್ಯಾರ್ಥಿಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಹೆಮಟೋಕಾಕಸ್ ಎಂಬ ಸೂಕ್ಷ್ಮಪಾಚಿಯ ಕೆಂಪು ವರ್ಣದ್ರವ್ಯ ಅಸ್ಟಾಕ್ಸಾಂಥಿನ್ ಅನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಹಂತ 1: ಒಣ ಪಾಚಿಯನ್ನು ಅರೆದು, ಅಸಿಟೋನಿನಲ್ಲಿ ನೆನೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಚರಟ ಬೇರ್ಪಡಿಸಿ. ಕೋಶಭಿತ್ತಿ ಗಟ್ಟಿ, ಅರೆಯಲು ಸೋಮಾರಿತನ ಬೇಡ. ಸೀಸೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬೆಳಕಿಗೆ ಬಣ್ಣ ಸಾಯುತ್ತದೆ. ಇಷ್ಟೆಲ್ಲ ಯಾಕೆಂದು ಅಂಗಡಿಯ ಕ್ಯಾಪ್ಸೂಲ್ ಒಡೆದು ಪರೀಕ್ಷಿಸುವವರಿದ್ದಾರೆ. ಎಣ್ಣೆ ಕೆಡದಿರಲೆಂದು ಅದರಲ್ಲಿ ಎಷ್ಟೋ ಸಲ ವಿಟಮಿನ್ ಇ ಬೆರೆಸಿರುತ್ತಾರೆ. ಆಗ ನೀವು ಅಳೆಯುವುದು ಪಾಚಿಯನ್ನೋ ವಿಟಮಿನ್ನನ್ನೋ?

ಹಂತ 2: ಅಸಿಟೋನ್ ಆವಿಯಾಗಲು ಬಿಟ್ಟು, ಬಣ್ಣವನ್ನು ಎಥನಾಲಿನಲ್ಲಿ ಕರಗಿಸಿ.

ಹಂತ 3: ಎಲ್ಲರೂ ಜಾರುವುದು ಇಲ್ಲೇ. ಡಿಪಿಪಿಎಚ್ ಎಂಬ ನೇರಳೆ ರಾಸಾಯನಿಕಕ್ಕೆ ಬಣ್ಣದ ದ್ರಾವಣ ಸೇರಿಸಿ 30 ನಿಮಿಷ ಕತ್ತಲಲ್ಲಿಡುತ್ತೇವೆ. ಉತ್ಕರ್ಷಣ ನಿರೋಧಕ ಗುಣವಿದ್ದರೆ ನೇರಳೆ ಹೋಗಿ ಹಳದಿಯಾಗುತ್ತದೆ. 517 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಎಷ್ಟು ಇಳಿಯಿತೆಂದು ನೋಡುವುದೇ ಪರೀಕ್ಷೆ. ಆದರೆ ಅಸ್ಟಾಕ್ಸಾಂಥಿನ್ ತಾನೇ ಕೆಂಪು! 517ರಲ್ಲಿ ಅದೂ ಬೆಳಕು ಹೀರುತ್ತದೆ, ಯಂತ್ರಕ್ಕೆ ಯಾರ ಬಣ್ಣ ಯಾರದೆಂದು ತಿಳಿಯದು.

ಹಾಗಾಗಿ ಮೂರು ಕ್ಯುವೆಟ್ (ಯಂತ್ರದಲ್ಲಿಡುವ ಪುಟ್ಟ ಪಾರದರ್ಶಕ ಪಾತ್ರೆ) ಬೇಕು: ಬರೀ ಡಿಪಿಪಿಎಚ್, ಡಿಪಿಪಿಎಚ್ ಜತೆ ಬಣ್ಣ, ಮತ್ತು ಡಿಪಿಪಿಎಚ್ ಬದಲು ಅಷ್ಟೇ ದ್ರಾವಕ ಹಾಕಿದ ಬಣ್ಣ. ಮೂರನೆಯದನ್ನೇ ಜನ ಬಿಡುವುದು. ಓದುಗಳು ಕ್ರಮವಾಗಿ 0.80, 0.62, 0.30 ಬಂದವೆನ್ನಿ. ಮೂರನೆಯದನ್ನು ಬಿಟ್ಟರೆ ಇಳಿಕೆ 0.18, ಅಂದರೆ 22.5%. ಅದನ್ನು ಕಳೆದರೆ ಎರಡನೆಯ ಓದು 0.32ಕ್ಕೆ ಇಳಿದು ಉತ್ತರ 60% ಆಗುತ್ತದೆ. ಕಳೆಯದೆ ಬಿಟ್ಟು, ಬಣ್ಣ ಇನ್ನೂ ಗಾಢವಾಗಿದ್ದರೆ ಉತ್ತರ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಹಾಗೆ ಬಂದದ್ದನ್ನು ‘ಸೊನ್ನೆ’ ಎಂದು ತಿದ್ದಿ ಬರೆದ ವರದಿಯನ್ನೂ ಕಂಡಿದ್ದೇನೆ.

ಈ ಕಳೆಯುವ ಲೆಕ್ಕವೂ ಪೂರ್ತಿ ನಿಖರವಲ್ಲ, ಏಕೆಂದರೆ ಕ್ರಿಯೆಯಲ್ಲಿ ವರ್ಣದ್ರವ್ಯವೂ ಒಂದಿಷ್ಟು ಮಸುಕಾಗುತ್ತದೆ. ನನ್ನನ್ನು ಕೇಳಿದರೆ ಕೆಂಪು, ಕಿತ್ತಳೆ ಬಣ್ಣಗಳಿಗೆ ಎಬಿಟಿಎಸ್ ಎಂಬ ಇನ್ನೊಂದು ರಾಸಾಯನಿಕದ ವಿಧಾನವೇ ಸರಿ. ಹಿಂದಿನ ರಾತ್ರಿಯೇ ಪೊಟ್ಯಾಸಿಯಂ ಪರ್‌ಸಲ್ಫೇಟ್ ಬೆರೆಸಿಡುವ ತಾಪತ್ರಯವಿದೆ, ನಿಜ. ಆದರೆ ಓದುವುದು 734ರಲ್ಲಿ, ಅಲ್ಲಿ ಈ ಬಣ್ಣಗಳ ಸದ್ದಿಲ್ಲ. ಸ್ಪಿರುಲಿನಾ ಎಂಬ ಪಾಚಿಯ ನೀಲಿ ವರ್ಣದ್ರವ್ಯ ಫೈಕೋಸಯನಿನ್‌ಗಂತೂ ಡಿಪಿಪಿಎಚ್ ಬೇಡವೇ ಬೇಡ: ಆ ನೀಲಿ ಪ್ರೋಟೀನು, ಡಿಪಿಪಿಎಚ್ ಕರಗಿಸಲು ಬಳಸುವ ಮೆಥನಾಲ್ ಬಿದ್ದರೆ ಹಾಲು ಒಡೆದಂತೆ ಒಡೆಯುತ್ತದೆ. ಆ ಕದಡಿದ ದ್ರಾವಣಕ್ಕೂ ಯಂತ್ರ ಅಂಕಿ ಕೊಡುತ್ತದೆ, ನೆನಪಿರಲಿ.

ಹಂತ 4: ಟ್ರೋಲಾಕ್ಸ್ (ಅಳತೆಗೋಲಾಗಿ ಬಳಸುವ ಉತ್ಕರ್ಷಣ ನಿರೋಧಕ) ಜತೆ ಹೋಲಿಸಿ, ಪ್ರತಿ ಅಳತೆ ಮೂರು ಸಲ.

ಮುಂದೆ ಜೀವಕೋಶಗಳ ಮೇಲೆ ಎಂಟಿಟಿ (ಬದುಕಿರುವ ಕೋಶಗಳು ನೇರಳೆಯಾಗಿಸುವ ಹಳದಿ ರಾಸಾಯನಿಕ) ಪರೀಕ್ಷೆಗೆ ಹೋಗುವವರು ಪರೀಕ್ಷಾ ತಟ್ಟೆಯಲ್ಲಿ ಕೋಶವೇ ಇಲ್ಲದ ಒಂದು ಸಾಲು ಗುಳಿಗಳಿಗೂ ಬಣ್ಣ, ಎಂಟಿಟಿ ಎರಡನ್ನೂ ಹಾಕಿ. ಅಲ್ಲೂ ನೇರಳೆ ಮೂಡಿದರೆ ಅದು ಬದುಕಿದ ಕೋಶಗಳ ಕೆಲಸವಲ್ಲ, ನಿಮ್ಮ ಸಾರದ್ದೇ.