ಹೊಸ ಪದಾರ್ಥಕ್ಕೆ ಒಪ್ಪಿಗೆ ಕೇಳುವಾಗ: ತಜ್ಞರು ಕಡತದಲ್ಲಿ ಏನನ್ನು ತೂಗುತ್ತಾರೆ?

ಮುಂಬೈನ ಮಾಟುಂಗದಲ್ಲಿ ಪುನರ್ಪುಳಿ (ಕೋಕಂ) ಶರಬತ್ತು ಮಾರಲು ಆಹಾರ ಲೈಸೆನ್ಸ್ ಸಾಕು. ಅದೇ ಹಣ್ಣಿನ ಸಿಪ್ಪೆಯ ಆಮ್ಲವನ್ನು ಬೇರ್ಪಡಿಸಿ, ಸಾಂದ್ರ ಪುಡಿ ಮಾಡಿ ಪಾನೀಯಕ್ಕೆ ಬೆರೆಸುತ್ತೇನೆಂದರೆ ಪ್ರಶ್ನೆಯೇ ಬೇರೆ. ‘ಅಜ್ಜಿಯ ಕಾಲದಿಂದ ಕುಡಿಯುತ್ತಿದ್ದೇವೆ’ ಎಂಬುದು ಶರಬತ್ತಿಗೆ ಸಲ್ಲುವ ಮಾತು, ಸಾರಕ್ಕಲ್ಲ. ಇದೇ ಕುಲದ ಉಪ್ಪಾಗೆ ಹಣ್ಣಿನ ಸಾರವಿದ್ದ ತೂಕ ಇಳಿಸುವ ಮಾತ್ರೆಗಳಿಂದ ಪಿತ್ತಜನಕಾಂಗ ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಮೊದಲು ನಿಮ್ಮ ಪದಾರ್ಥ ನ್ಯೂಟ್ರಾಸ್ಯೂಟಿಕಲ್ (ಆರೋಗ್ಯಕ್ಕೆಂದು ಮಾರುವ ಪೂರಕ ಆಹಾರ) ನಿಯಮಗಳ ಅನುಸೂಚಿಯಲ್ಲಿದೆಯೇ, ಯಾವ ಮಿತಿಯಲ್ಲಿ, ಯಾವ ಬಗೆಯ ಆಹಾರಕ್ಕೆ ಎಂದು ನೋಡಿ. ಎಲ್ಲೂ ಇಲ್ಲದಿದ್ದರೆ 2017ರ ‘ನಿರ್ದಿಷ್ಟಪಡಿಸದ ಆಹಾರ’ ನಿಯಮಗಳಡಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಗೆ ಅರ್ಜಿ ಹಾಕಬೇಕು. ಬಾಂದ್ರಾದ ಎಫ್‌ಡಿಎ (ರಾಜ್ಯದ ಆಹಾರ, ಔಷಧ ಆಡಳಿತ) ಕಚೇರಿಗೆ ಅಲೆದು ಪ್ರಯೋಜನವಿಲ್ಲ, ತೀರ್ಮಾನ ದೆಹಲಿಯದು.

2006ರ ಕಾಯ್ದೆಯಲ್ಲಿ ಅಪಾಯದ ಮೌಲ್ಯಮಾಪನಕ್ಕೆ ನಾಲ್ಕು ಮೆಟ್ಟಿಲು: ಕೆಡುಕು ಯಾವುದು, ಎಷ್ಟು ಪ್ರಮಾಣದಲ್ಲಿ ಕಾಣುತ್ತದೆ, ಜನರ ಹೊಟ್ಟೆಗೆ ಎಷ್ಟು ಸೇರುತ್ತದೆ, ಕೊನೆಗೆ ಅಪಾಯ ಎಷ್ಟು. ಮೊದಲೆರಡಕ್ಕೆ ಹಣ ಸುರಿದು ಮೂರನೆಯದನ್ನು ಅರ್ಧ ಪುಟದಲ್ಲಿ ಮುಗಿಸಿದರೆ ಕಡತ ಅಲ್ಲೇ ಎಡವುತ್ತದೆ.

ಲೆಕ್ಕ ಹೀಗೆ. ಪ್ರಾಣಿಗಳಲ್ಲಿ ಕೆಟ್ಟ ಪರಿಣಾಮ ಕಾಣದ ಗರಿಷ್ಠ ಪ್ರಮಾಣ ದಿನಕ್ಕೆ, ಕಿಲೋ ದೇಹತೂಕಕ್ಕೆ 500 ಮಿಗ್ರಾಂ ಎನ್ನೋಣ. ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ: ಪ್ರಾಣಿ–ಮನುಷ್ಯರ ವ್ಯತ್ಯಾಸಕ್ಕೆ 10, ಮನುಷ್ಯ–ಮನುಷ್ಯರ ವ್ಯತ್ಯಾಸಕ್ಕೆ ಇನ್ನೊಂದು 10. ಉಳಿಯುವುದು 5. ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 300 ಮಿಗ್ರಾಂ, 15 ಕಿಲೋ ಮಗುವಿಗೆ 75. ಲೀಟರಿಗೆ 150 ಮಿಗ್ರಾಂ ಬೆರೆಸಿದರೆ 200 ಮಿಲೀ ಲೋಟದಲ್ಲಿ 30 ಇರುತ್ತದೆ. ಪುಣೆಯ ಏಪ್ರಿಲ್ ಸೆಖೆಗೆ ಮಗು ಮೂರು ಲೋಟ ಕುಡಿದರೆ 90, ಮಿತಿ ದಾಟಿತು. ಈ ಮಿತಿ ಜೀವನಪೂರ್ತಿ ಸೇವನೆಗೆ ಹಾಕಿದ್ದು, ಒಂದು ದಿನ ದಾಟಿದರೆ ಅನಾಹುತವೇನಿಲ್ಲ. ಆದರೆ ದಿನವೂ ಕುಡಿಯುವ ಮಗುವಿನ ಲೆಕ್ಕವನ್ನು ತಜ್ಞರು ಕೇಳದೆ ಬಿಡುವುದಿಲ್ಲ. ದೊಡ್ಡವರ ಸರಾಸರಿ ತೋರಿಸಿ ಪಾರಾಗಲು ನೋಡಬೇಡಿ. ಅದೇ ಪದಾರ್ಥ ಜಾಮ್, ಕ್ಯಾಂಡಿಗಳಿಂದಲೂ ಬರುವುದಾದರೆ ಕೂಡಿಸಿ. ದಾಟಿದರೆ ಪ್ರಮಾಣ ಇಳಿಸಿ: ಲೀಟರಿಗೆ 100 ಮಿಗ್ರಾಂ ಆದರೆ ಮೂರು ಲೋಟಕ್ಕೆ 60.

ಇನ್ನೊಂದು ತಪ್ಪು ಪರೀಕ್ಷೆಗೆ ಕೊಡುವ ಮಾದರಿಯದು. ಇಲಿಗೆ ತಿನ್ನಿಸಿದ್ದು 95% ಶುದ್ಧ ಪುಡಿ, ಮಾರುವುದು 60% ಪುಡಿ ಎಂದಾದರೆ ಉಳಿದ 40%ರಲ್ಲಿ ಏನಿದೆ? ಸಾರ ತೆಗೆಯುವ ದ್ರಾವಕ ಬದಲಾದರೂ ಇದೇ ಪ್ರಶ್ನೆ. ಹಲವು ಬ್ಯಾಚುಗಳ ವಿಶ್ಲೇಷಣಾ ವರದಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಿಂದಲೇ ಮಾಡಿಸಿ. 2015ರ ಮ್ಯಾಗಿ ಪ್ರಕರಣದಲ್ಲಿ ಮಾನ್ಯತೆ ಇಲ್ಲದ ಪ್ರಯೋಗಾಲಯಗಳ ವರದಿ ಬಾಂಬೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ.

ಹೊರದೇಶದ ಒಪ್ಪಿಗೆ ಪತ್ರ ಲಗತ್ತಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಬಿಳುಪಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡನ್ನು ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಿಂದ ಹೊರಗಿಟ್ಟಿತು, ಬ್ರಿಟನ್ ಆ ತೀರ್ಮಾನವನ್ನು ಒಪ್ಪಲಿಲ್ಲ. ಅನುಮಾನ ಉಳಿದಾಗ ಯಾರು ಎಷ್ಟು ಎಚ್ಚರ ವಹಿಸುತ್ತಾರೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ನಮ್ಮ ಕಾಯ್ದೆಯ 18ನೇ ಸೆಕ್ಷನ್ ಕೂಡ ಅಂಥಲ್ಲಿ ತಾತ್ಕಾಲಿಕ ಕ್ರಮಕ್ಕೆ ಅವಕಾಶ ಕೊಡುತ್ತದೆ. ತಜ್ಞರು ಸೈ ಎಂದರೂ ಮುಗಿಯಿತೆಂದಲ್ಲ: ಕುಲಾಂತರಿ ತಳಿಯಾದ ಬಿಟಿ ಬದನೆಗೆ 2009ರಲ್ಲಿ ಕೇಂದ್ರದ ತಜ್ಞ ಸಮಿತಿ ಒಪ್ಪಿತ್ತು, 2010ರ ಫೆಬ್ರವರಿಯಲ್ಲಿ ಸರ್ಕಾರ ತಡೆಹಿಡಿಯಿತು. ಮಟ್ಟುಗುಳ್ಳ ಬದನೆ ಬೆಳೆಯುವ ಉಡುಪಿ ಕಡೆಯವರಿಗೆ ಆ ಗಲಾಟೆ ನೆನಪಿರಬೇಕು.

ಹಾಗಾಗಿ ನಿಮ್ಮ ಮಾಹಿತಿಯ ಕೊರತೆಗಳನ್ನು (ಗರ್ಭಿಣಿಯರು, ಅಲರ್ಜಿ, ದೀರ್ಘಕಾಲದ ಸೇವನೆ) ನೀವೇ ಒಂದು ಪುಟದಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಲೇಬಲ್ ಎಚ್ಚರಿಕೆಯನ್ನೋ ಬಳಕೆಯ ಮಿತಿಯನ್ನೋ ಸೂಚಿಸಿ.